ಗೇರ್ ಹಾಕಿದರೆ ಎಂಜಿನ್ ಆಫ್!

ಅಪ್ಪನ ಹಳೇ ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಭಾಗ) ಇರೋ ಕಾರು, ಬಸವನಗುಡಿ ಮನೆ ಶೆಡ್ಡಲ್ಲಿ ಎರಡು ಮಳೆಗಾಲ ನಿಂತಿತ್ತು. ನ್ಯೂಟ್ರಲ್‌ನಲ್ಲಿ ಚೆನ್ನಾಗಿದೆ, ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಹಾಕಿದರೂ ಜಗ್ಗಿ ಆಫ್ ಆಗುತ್ತದೆ. ಕಾರ್ಬುರೇಟರ್ ಬಿಚ್ಚಿಸಬೇಕಾ?

ಉತ್ತರ: ಸುಮ್ನೆ ಅದನ್ನು ಮುಟ್ಟಿಸಬೇಡಿ ಸರ್. ಪೆಡಲ್ ಒತ್ತಿದಾಗಲೇ ಆಫ್ ಆದರೆ ಕ್ಲಚ್ ಬಿಡುತ್ತಿಲ್ಲ, ಅಂದರೆ ಎಂಜಿನ್ನಿಂದ ಗೇರ್‌ಬಾಕ್ಸ್ ಬೇರೆ ಆಗುತ್ತಿಲ್ಲ ಅಂತ ಅರ್ಥ, ಜಾಸ್ತಿ ದಿನ ನಿಂತ ಗಾಡಿಯಲ್ಲಿ ತೇವಕ್ಕೆ ತುಕ್ಕು ಹಿಡಿದು ಕ್ಲಚ್ ಪ್ಲೇಟು ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗೋ ಭಾರದ ಚಕ್ರ) ಅಂಟಿಕೊಳ್ಳುತ್ತದೆ. ಪೆಡಲ್ ಬಿಡುವಾಗ ಆಫ್ ಆದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಾಗ ಎಂಜಿನ್ ಓಡೋ ವೇಗ) ಕಡಿಮೆ ಇದೆಯಾ, ವ್ಯಾಕ್ಯೂಮ್ ಲೀಕ್ (ಎಂಜಿನ್ನಿಗೆ ಬೇಡದ ಗಾಳಿ ನುಗ್ಗೋದು) ಇದೆಯಾ ನೋಡಬೇಕು.

ಇನ್ನೊಬ್ಬರು: ಗೇರ್‌ಬಾಕ್ಸ್ ಇಳಿಸೋ ಮೊದಲು, ಹೈಡ್ರಾಲಿಕ್ ಕ್ಲಚ್ (ಆಯಿಲ್ ಒತ್ತಡದಲ್ಲಿ ಕೆಲಸ ಮಾಡೋದು) ಆದರೆ ಕ್ಲಚ್ ಆಯಿಲ್ ಡಬ್ಬಿ ನೋಡಿ. ಲೈನಿಗೆ ಗಾಳಿ ಹೊಕ್ಕರೂ ಹೀಗೇ. ಸ್ಲೇವ್ ಸಿಲಿಂಡರ್ (ಆ ಒತ್ತಡದಿಂದ ಕ್ಲಚ್ ತಳ್ಳೋ ಭಾಗ) ಸೋರುತ್ತಿದ್ದರೆ ಸೀಲ್ ಕಿಟ್‌ಗೆ ಬೆಂಗಳೂರಿನ ಬಿಡಿಭಾಗಗಳ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು: ಅಯ್ಯೋ, ಡಬ್ಬಿ ಖಾಲಿ! ಸ್ಲೇವ್ ಹತ್ತಿರ ಒದ್ದೆ ಇದೆ. ನಾಳೆ ಜೆ.ಸಿ. ರೋಡ್.