ಮಗುವಿನ ಕಲಿಕೆ ಮುಂದೆ ಹೋಗ್ತಿದೆಯಾ ಅಂತ ಮನೇಲಿ ಗುರುತಿಡೋದು ಹೇಗೆ?

ಪ್ರಶ್ನೆ (ಶಿರಸಿ): ಮಗನಿಗೆ 8 ವರ್ಷ, ಬೌದ್ಧಿಕ ಅಸಾಮರ್ಥ್ಯ ಇದೆ. ಶಾಲೆಯವರ ಯೋಜನೆಯಲ್ಲಿ "ಎಣಿಕೆ ಸುಧಾರಿಸಬೇಕು, ತಾನೇ ಅಂಗಿ ಹಾಕ್ಕೋಬೇಕು" ಅಂತಿದೆ. ಎಷ್ಟು ಕಲಿತ ಅಂತ ಹೇಗೆ ಬರೆದಿಡ್ಲಿ?

ವಿಶೇಷ ಶಿಕ್ಷಕಿ, ಕುಮಟಾ: ಅಕ್ಕಾ, ಮೊದಲು ಆ ವಾಕ್ಯಾನೇ ತಿದ್ದಿಸಿ. "ಸುಧಾರಿಸಬೇಕು" ಅನ್ನೋದನ್ನ ಅಳೆಯೋಕೆ ಬರೋದಿಲ್ಲ. "ಹತ್ತು ಅಡಿಕೆ ಮುಂದಿಟ್ಟು 1ರಿಂದ 5ರೊಳಗೆ ಎಷ್ಟು ಕೇಳಿದ್ರೂ ಅಷ್ಟೇ ಎಣಿಸಿ ಕೊಡ್ತಾನೆ, 10 ಸಲದಲ್ಲಿ 8 ಸಲ, ಸತತ 3 ದಿನ" ಅಂತಿದ್ರೆ ಅದು ಗುರಿ. ಕಲಿಸೋ ಮೊದಲು 3 ದಿನ ಏನೂ ಹೇಳಿಕೊಡದೆ ನೋಡಿ, ಬಂದಷ್ಟು ಬರೆದಿಡಿ. ಹೊರಟ ಜಾಗ ಗೊತ್ತಿಲ್ಲದಿದ್ರೆ ಎಷ್ಟು ದೂರ ಬಂದ ಅಂತ ಹೇಳೋದು ಹ್ಯಾಗೆ?

ಬರೆಯೋಕೆ ಚೌಕುಳಿ ನೋಟ್‌ಬುಕ್ ಸಾಕು. ಒಂದು ಸಲಕ್ಕೆ ಒಂದು ಮನೆ. ತಾನೇ ಮಾಡಿದ್ರೆ "ತಾ", ಸನ್ನೆ ಮಾಡಿದ ಮೇಲೆ ಮಾಡಿದ್ರೆ "ಸ", ಬಾಯಲ್ಲಿ ಹೇಳಬೇಕಾಯ್ತು ಅಂದ್ರೆ "ಮಾ", ಕೈ ಹಿಡಿದು ಮಾಡಿಸಿದ್ರೆ "ಕೈ". ಶೇಕಡಾ ಲೆಕ್ಕಕ್ಕೆ "ತಾ" ಮಾತ್ರ. ನೆರವು ಕೊಟ್ಟದ್ದನ್ನೂ ಸೇರಿಸಿಬಿಟ್ರೆ ನೋಟ್‌ಬುಕ್ಕಲ್ಲಿ ಮಗು ಕಲಿತಿರತ್ತೆ, ಶಾಲೆಯಲ್ಲಿ ಕೈಕಟ್ಟಿ ಕೂತಿರತ್ತೆ. ಆದ್ರೆ "ಕೈ" ಕಡಿಮೆಯಾಗಿ "ಮಾ" ಜಾಸ್ತಿ ಆದ್ರೂ ಅದು ಮುನ್ನಡೆಯೇ, ದಯವಿಟ್ಟು ಸಣ್ಣದು ಅಂದ್ಕೋಬೇಡಿ.

ಅಂಕೋಲಾದಿಂದ: ಅಂಗಿಗೆ ಬೇರೆ ಲೆಕ್ಕ. ಬಲತೋಳು, ಎಡತೋಳು, ಎರಡೂ ಅಂಚು ಮುಂದೆ ತರೋದು, ಗುಂಡಿಯನ್ನ ಕಾಜಾದೊಳಗೆ ತೂರಿಸೋದು, ಆಚೆಯಿಂದ ಎಳೆಯೋದು: ಒಂದೊಂದಕ್ಕೂ ಒಂದು ಸಾಲು. ಕೊನೇದರಿಂದ ಶುರು ಮಾಡಿ. ಗುಂಡಿ ಅರ್ಧ ತೂರಿಸಿ ಕೊಡಿ, ಅವನು ಎಳೀಲಿ. ಕೆಲಸ ಮುಗಿಸಿದ ಖುಷಿ ದಿನಾ ಅವನಿಗೇ ಸಿಗತ್ತೆ. ದೊಡ್ಡ ಗುಂಡಿಯ ಸಡಿಲ ಅಂಗಿ ಮೊದಲು, ಯೂನಿಫಾರ್ಮ್ ಆಮೇಲೆ.

ಶಿರಸಿಯ ಇನ್ನೊಬ್ಬ ಶಿಕ್ಷಕರು: ಕುಮಟಾ ಮೇಡಂ ಹೇಳಿದ್ದಕ್ಕೆ ಸೇರಿಸ್ತೇನೆ. ವಾರಕ್ಕೆ 3 ದಿನ ಪರೀಕ್ಷಿಸಿದ್ರೆ ಸಾಕು, ಕಲಿಸೋದು ಮಾತ್ರ ದಿನಾ. ಗ್ರಾಫ್ ಹಾಳೆಯಲ್ಲಿ ಹೊರಟ ಅಂಕದಿಂದ, ಗುರಿಯ ದಿನಾಂಕದ ಮೇಲಿರೋ ಗುರಿಯ ಅಂಕಕ್ಕೆ ಒಂದು ಗೆರೆ ಎಳೀರಿ. ಪ್ರತಿ ಪರೀಕ್ಷೆಯ ಶೇಕಡಾ ಅಂಕಕ್ಕೆ ಒಂದು ಚುಕ್ಕೆ ಇಡಿ. ಸಾಲಾಗಿ 4 ಚುಕ್ಕೆ ಗೆರೆ ಕೆಳಗೆ ಬಿದ್ರೆ ಕಲಿಸೋ ರೀತಿ ಬದಲಿಸಿ, ಮಗುವನ್ನ ಬೈಬೇಡಿ. ಕೇಳುವಾಗ ನಿಮ್ಮ ಕಣ್ಣು ಎಲ್ಲಿ ಹೋಗತ್ತೆ ಅನ್ನೋದೂ ನೋಡ್ಕೊಳ್ಳಿ. ಐದನೇ ಅಡಿಕೆ ಎತ್ತಿದ ಕೂಡ್ಲೇ ನೀವು ತಲೆದೂಗಿದ್ರೆ ಅವನು ಎಣಿಸ್ತಿಲ್ಲ, ನಿಮ್ಮ ಮುಖ ಓದ್ತಿದಾನೆ. ಅಡಿಕೆಯಲ್ಲಿ ಬಂದದ್ದು ಚಮಚದಲ್ಲಿ, ನಾಣ್ಯದಲ್ಲಿ, ಅಜ್ಜಿ ಕೇಳಿದಾಗಲೂ ಬರ್ತದಾ ನೋಡಿದ ಮೇಲೇ "ಮುಗೀತು" ಅಂತ ಬರೀರಿ.

ಮಳೆ ರಜೆ ಮುಗಿದ ಕೂಡ್ಲೇ ಹೊಸದು ಕಲಿಸಬೇಡಿ, ಹಳೇದನ್ನ ಎರಡು ದಿನ ಪರೀಕ್ಷಿಸಿ. ನೋಟ್‌ಬುಕ್ಕನ್ನ ತಾಲೂಕಿನ ಬಿ.ಆರ್.ಸಿ.ಯ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ, ಅಂದ್ರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರೋ ಶಿಕ್ಷಕರಿಗೆ, ಮೂರು ತಿಂಗಳಿಗೊಮ್ಮೆ ತೋರಿಸಿ, ಮುಂದಿನ ಗುರಿಯನ್ನ ಅದನ್ನೇ ನೋಡಿ ಬರೆಯೋಕೆ ಹೇಳಿ.