ಮೂತ್ರನಾಳದಲ್ಲಿ 4 ಮಿ.ಮೀ. ಕಲ್ಲು: ಯಾವ ಕಷಾಯ, ಎಷ್ಟು, ಹೇಗೆ?

ಹೊಸಬ_7 (ಪ್ರಶ್ನೆ)

ತಮ್ಮನ ಸ್ಕ್ಯಾನ್‌ನಲ್ಲಿ ಎರಡು ಕಲ್ಲು ಕಂಡಿವೆ. ಬಲ ಮೂತ್ರನಾಳದ ಕೆಳತುದಿಯಲ್ಲಿ 4 ಮಿ.ಮೀ., ಎಡ ಕಿಡ್ನಿಯ ಕೆಳಭಾಗದಲ್ಲಿ 9 ಮಿ.ಮೀ. ಜ್ವರ ಇಲ್ಲ, ಕಿಡ್ನಿ ಕೆಲಸ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಸರಿಯಾಗಿದೆ. ಡಾಕ್ಟರು ನೋವಿನ ಮಾತ್ರೆ ಕೊಟ್ಟು ಕಾಯಲು ಹೇಳಿದ್ದಾರೆ. ಬಾಳೆದಿಂಡಿನ ರಸ, ಕಾಡುಬಸಳೆ ಎಲೆ, ಹುರುಳಿ ಕಟ್ಟು, ನೆಗ್ಗಿಲು, ನೆಲನೆಲ್ಲಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಇವುಗಳಲ್ಲಿ ಕಲ್ಲನ್ನು ನಿಜವಾಗಿ ಕರಗಿಸುವುದು ಯಾವುದು? ಎಲ್ಲ ಸೇರಿಸಿ ಕೊಡಬಹುದೇ?

ದ್ರವ್ಯಗುಣ

ಕರಗುತ್ತದೆ ಎಂಬ ಆಸೆಯನ್ನು ಮೊದಲು ಬಿಡಿ. ಹೆಚ್ಚಿನವರಲ್ಲಿ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಹೊಟ್ಟೆಗೆ ತೆಗೆದುಕೊಂಡು ಅದನ್ನು ಕರಗಿಸುವ ಮೂಲಿಕೆಯೂ ಇಲ್ಲ, ಮಾತ್ರೆಯೂ ಇಲ್ಲ. ಯೂರಿಕ್ ಆಮ್ಲದ ಕಲ್ಲು ಕರಗುತ್ತದೆ, ಆದರೆ ಅದಕ್ಕೆ ಮೂತ್ರದ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರ ಆಸುಪಾಸಿಗೆ ಏರಿ ಅಲ್ಲೇ ನಿಲ್ಲಬೇಕು. ಆ ಕೆಲಸಕ್ಕೆ ವೈದ್ಯರು ಕೊಡುವುದು ಪೊಟ್ಯಾಸಿಯಂ ಸಿಟ್ರೇಟ್.

ಮೂಲಿಕೆಗಳಿಂದ ನಿರೀಕ್ಷಿಸಬಹುದಾದದ್ದು ಮೂತ್ರ ಹೆಚ್ಚುವುದು, ಹೊಸ ಹರಳು ಬೆಳೆಯುವುದು ತಗ್ಗುವುದು. ನೆಲನೆಲ್ಲಿಯ ಮೇಲಿನ ಪ್ರಯೋಗಗಳಲ್ಲಿ ಕಂಡಿರುವುದೂ ಹರಳುಗಳು ಒಂದಕ್ಕೊಂದು ಅಂಟಿ ದೊಡ್ಡದಾಗದಂತೆ ತಡೆಯುವ ಗುಣವೇ. ಮೂತ್ರನಾಳದ ಕೆಳತುದಿಗೆ ಬಂದ 4 ಮಿ.ಮೀ. ಕಲ್ಲು ಬಹುತೇಕರಲ್ಲಿ ಔಷಧ ಇಲ್ಲದೆಯೂ ಬೀಳುತ್ತದೆ. ಆ ವಾರ ಏನು ಕುಡಿದಿದ್ದರೋ ಅದೇ ಬೀಳಿಸಿತು ಎಂದು ಜನ ನಂಬುತ್ತಾರೆ, ನಿಮಗೆ ಇಷ್ಟೊಂದು ಸಲಹೆ ಬಂದಿರುವುದು ಅದಕ್ಕೇ.

ಕೊಡಲೇಬೇಕೆಂದಿದ್ದರೆ ವರುಣ ಮರದ ತೊಗಟೆ ಮತ್ತು ನೆಗ್ಗಿಲು ಕಾಯಿ, ಈ ಜೋಡಿ ಸಾಕು. ತಲಾ 6 ಗ್ರಾಂ ತೆಗೆದುಕೊಂಡು ತರಿತರಿಯಾಗಿ ಕುಟ್ಟಿ. ನುಣ್ಣಗೆ ಪುಡಿ ಮಾಡಿದರೆ ತಳ ಹಿಡಿಯುತ್ತದೆ, ಸೋಸುವ ಬಟ್ಟೆಯೂ ಕಟ್ಟಿಕೊಳ್ಳುತ್ತದೆ. ನೀರು 200 ಮಿ.ಲೀ., ಅಂದರೆ ದ್ರವ್ಯದ ಸುಮಾರು 16 ಪಟ್ಟು. ಸ್ಟೀಲ್ ಪಾತ್ರೆಯಲ್ಲಿ ಮುಚ್ಚಳ ಹಾಕದೆ, ಸಣ್ಣ ಉರಿಯಲ್ಲಿ 50 ಮಿ.ಲೀ.ಗೆ ಇಳಿಸಬೇಕು. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಮೊದಲೇ ಅದೇ ಪಾತ್ರೆಗೆ 50 ಮಿ.ಲೀ. ನೀರು ಹಾಕಿ, ಒಂದು ಕಡ್ಡಿ ಇಳಿಬಿಟ್ಟು, ಒದ್ದೆಯಾದ ಮಟ್ಟಕ್ಕೆ ಗೆರೆ ಎಳೆದಿಟ್ಟುಕೊಳ್ಳಿ. ದೊಡ್ಡ ಉರಿಯಲ್ಲಿ ಬೇಗ ಬತ್ತಿಸಿದರೆ ಗಟ್ಟಿ ತೊಗಟೆಯ ಸಾರ ಬಿಡುವುದಿಲ್ಲ. ಬಿಸಿಯಿರುವಾಗಲೇ ಸೋಸಿ, ಊಟಕ್ಕೆ ಮೊದಲು ಕೊಡಿ. ದಿನಕ್ಕೆ ಎರಡು ಸಲ, ಪ್ರತಿ ಸಲವೂ ಹೊಸದಾಗಿ ಕಾಸಿದ್ದು. ಬೆಳಗಿನ ಕಷಾಯ ರಾತ್ರಿಯ ಹೊತ್ತಿಗೆ ಹುಳಿಯಾಗಿರುತ್ತದೆ.

ಕಾಡುಬಸಳೆ ಬೇಡ. ಅದರಲ್ಲಿ ಹೃದಯದ ಬಡಿತದ ಮೇಲೆ ಕೆಲಸ ಮಾಡುವ ಬುಫಾಡಿಯೆನೊಲೈಡ್‌ಗಳಿವೆ. ಹೃದಯದ ಔಷಧ ಡಿಗಾಕ್ಸಿನ್ ತೆಗೆದುಕೊಳ್ಳುವವರಂತೂ ಮುಟ್ಟಲೇಬಾರದು. ಕಲ್ಲು ಒಡೆಯುವ ಬೇರು ಎನ್ನುವ ಪಾಷಾಣಭೇದದ ಹೆಸರಿನಲ್ಲಿ ಸಂಬಂಧವೇ ಇಲ್ಲದ ಹಲವು ಗಿಡಗಳು ಮಾರಾಟವಾಗುತ್ತವೆ, ಬೇರು ಗುರುತಿಸಲು ಬರದಿದ್ದರೆ ಅದನ್ನೂ ಬಿಡಿ. ಯಾರಾದರೂ ಕೊಟ್ಟ ಮಿಶ್ರಣದಲ್ಲಿ ಈಶ್ವರಿ ಬೇರು ಇದ್ದರೆ ಎಸೆದುಬಿಡಿ. ಅದರ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನೇ ಹಾಳುಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ.

ಎಲ್ಲ ಸೇರಿಸಿ ಕೊಡಲೇಬೇಡಿ. ವಾಂತಿಯೋ ತಲೆಸುತ್ತೋ ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಯೂರೋ_ವಾರ್ಡ್

ಮೇಲಿನವರು ಹೇಳಿದ್ದು ಸರಿ. ಆದರೆ ಕಷಾಯ ಯಾವಾಗ ಕುಡಿಯಬಾರದು ಎಂಬುದು ಇನ್ನೂ ಮುಖ್ಯ. ನೋವು ಒತ್ತರಿಸಿ ಬಂದಿರುವಾಗ ಮೂತ್ರ ಹೆಚ್ಚಿಸುವ ಯಾವುದನ್ನೂ ಕೊಡಬೇಡಿ, ಲೀಟರುಗಟ್ಟಲೆ ನೀರನ್ನೂ ಕುಡಿಸಬೇಡಿ. ಆಗಿನ ನೋವು ಕಲ್ಲು ಚುಚ್ಚುವುದರಿಂದ ಬರುವುದಕ್ಕಿಂತ, ದಾರಿ ಕಟ್ಟಿ ಮೇಲುಗಡೆ ಮೂತ್ರ ತುಂಬಿ ಕಿಡ್ನಿ ಉಬ್ಬುವುದರಿಂದ ಬರುವುದೇ ಹೆಚ್ಚು. ಇನ್ನಷ್ಟು ತುಂಬಿಸಿದರೆ ಕಲ್ಲು ಜಾರುವುದಿಲ್ಲ, ನೋವು ಏರುತ್ತದೆ. ಬಾಯಾರಿಕೆಗೆ ಬೇಕಾದಷ್ಟು ನೀರು, ಡಾಕ್ಟರು ಬರೆದ ಮಾತ್ರೆ, ಅಷ್ಟೇ.

ನೋವು ನಿಂತಿತೆಂದರೆ ಕಲ್ಲು ಬಿತ್ತು ಎಂದಲ್ಲ. ಕಟ್ಟಿದ್ದು ಹಾಗೇ ಇದ್ದರೂ ಕೆಲದಿನಗಳಲ್ಲಿ ನೋವು ತಣ್ಣಗಾಗಬಹುದು, ಒಳಗೆ ಕಿಡ್ನಿ ಸದ್ದಿಲ್ಲದೆ ಸೊರಗುತ್ತಿರುತ್ತದೆ. ಪ್ರತಿ ಸಲವೂ ಮೂತ್ರವನ್ನು ಸಣ್ಣ ಕಣ್ಣಿನ ಟೀ ಜರಡಿಯಲ್ಲಿ ಸೋಸಿ. 4 ಮಿ.ಮೀ. ಕಲ್ಲು ಕಣ್ಣಿಗೆ ಕಾಣದೆ ಹೋಗುವಷ್ಟು ಚಿಕ್ಕದಲ್ಲ, ಕಂದು ಬಣ್ಣದ ಒರಟು ಕಾಳಿನ ಹಾಗಿರುತ್ತದೆ. ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟು ವಿಶ್ಲೇಷಣೆಗೆ ಕೊಡಿ. ಸಿಗದಿದ್ದರೆ ಡಾಕ್ಟರು ಹೇಳಿದ ದಿನಕ್ಕೆ ಮತ್ತೆ ಸ್ಕ್ಯಾನ್ ಆಗಲೇಬೇಕು. 4ರಿಂದ 6 ವಾರ ಕಳೆದರೂ ಬೀಳದ ಕಲ್ಲಿಗೆ ಕಷಾಯ ಮುಂದುವರಿಸುತ್ತಾ ಕೂರುವಂತಿಲ್ಲ.

ಜ್ವರ ಅಥವಾ ಚಳಿನಡುಕ ಬಂದರೆ, ಮೂತ್ರ ನಿಂತರೆ, ನೀರೂ ನಿಲ್ಲದಷ್ಟು ವಾಂತಿಯಾದರೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೋಗಿ. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ಗಂಟೆಗಳಲ್ಲಿ ರಕ್ತಕ್ಕೇರಿ ಪ್ರಾಣಕ್ಕೆ ಬರಬಹುದು. ನಿಮ್ಮ ತಮ್ಮನ ವಿಷಯದಲ್ಲಿ ಇನ್ನೊಂದು ಭಯವಿದೆ. ಬಲಗಡೆಯದು ಬೀಳುವ ಮೊದಲೇ ಎಡಗಡೆಯ 9 ಮಿ.ಮೀ. ಕಲ್ಲೂ ಹೊರಟು ಸಿಕ್ಕಿಕೊಂಡರೆ ಎರಡೂ ಕಿಡ್ನಿ ಒಟ್ಟಿಗೆ ಕಟ್ಟುತ್ತವೆ. ಆ ಗಾತ್ರದ್ದು ತಾನಾಗಿ ಬರುವ ಸಾಧ್ಯತೆ ಕಡಿಮೆ. ಅದಕ್ಕೆ ಏನು ಮಾಡುವುದೆಂದು ಯೂರಾಲಜಿಸ್ಟ್ ಹತ್ತಿರ ಈಗಲೇ ಮಾತಾಡಿ.

ಹೊಸಬ_7

ಇಬ್ಬರಿಗೂ ಧನ್ಯವಾದ. ಕಾಡುಬಸಳೆ ನಿಲ್ಲಿಸಿದೆವು. ಬಾಳೆದಿಂಡು, ಹುರುಳಿ? ಹಾಲು ಬಿಡಿಸಬೇಕೇ?

ಪಥ್ಯ_ಬರಹ

ಹಾಲು, ಮೊಸರು ಬಿಡಿಸಬೇಡಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಹಾರದ ಆಕ್ಸಲೇಟನ್ನು (ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಅಂಶ) ಹಿಡಿದು ಮಲದಲ್ಲಿ ಸಾಗಿಸುತ್ತದೆ. ಹಾಲು ಬಿಟ್ಟವರ ಮೂತ್ರದಲ್ಲೇ ಆಕ್ಸಲೇಟ್ ಏರುತ್ತದೆ. ತಗ್ಗಿಸಬೇಕಾದದ್ದು ಉಪ್ಪು. ಸೋಡಿಯಂ ಹೆಚ್ಚಾದಷ್ಟೂ ಮೂತ್ರಕ್ಕೆ ಕ್ಯಾಲ್ಸಿಯಂ ಸೋರುತ್ತದೆ. ಆದ್ದರಿಂದ ಹುರುಳಿ ಕಟ್ಟು ಕೊಟ್ಟರೂ ಉಪ್ಪಿಲ್ಲದೆ ಕೊಡಿ.

ಬಾಳೆದಿಂಡನ್ನು ಆಹಾರವಾಗಿ ತಿನ್ನಲಿ. ರಸ ಮಾಡಿ ಲೋಟಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಬಹಳ ಸೇರುತ್ತದೆ. ಕ್ರಿಯಾಟಿನಿನ್ ಏರಿದವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ.

ಕ್ಯಾಲ್ಸಿಯಂ ಕಲ್ಲಿನವರಿಗೆ ಮನೆಮದ್ದುಗಳಲ್ಲಿ ಹೆಚ್ಚು ಆಧಾರವಿರುವುದು ನಿಂಬೆರಸಕ್ಕೆ. ಅದರ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂಗೆ ಅಂಟಿಕೊಂಡು ಹರಳಾಗದಂತೆ ನೋಡಿಕೊಳ್ಳುತ್ತದೆ. ದಿನಕ್ಕೆ 120 ಮಿ.ಲೀ. ರಸವನ್ನು 2 ಲೀಟರ್ ನೀರಿಗೆ ಬೆರೆಸಿ, ಸಕ್ಕರೆ ಉಪ್ಪು ಹಾಕದೆ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಬೇಕು. ಕುಡಿದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ಹಲ್ಲು ಸವೆಯುತ್ತದೆ. ಎಷ್ಟು ನೀರು ಕುಡಿದರು ಎಂದು ಲೆಕ್ಕ ಇಡುವುದಕ್ಕಿಂತ, ಗೆರೆಯಿರುವ ಬಾಟಲಿಯಲ್ಲಿ ಒಂದು ಪೂರ್ತಿ ದಿನದ ಮೂತ್ರ ಅಳೆಯಿರಿ. 2.5 ಲೀಟರ್ ಆಗಬೇಕು.

ನಿಂಬೆ ಒಳ್ಳೆಯದೆಂದು ಎಲ್ಲ ಹುಳಿಯೂ ಒಳ್ಳೆಯದಲ್ಲ. ಬಿಂಬುಳಿ ಮತ್ತು ನಕ್ಷತ್ರ ಹಣ್ಣಿನಲ್ಲಿ ಆಕ್ಸಲೇಟ್ ವಿಪರೀತ, ಗಟ್ಟಿ ರಸ ಕುಡಿದು ಕಿಡ್ನಿ ಕೆಲಸ ನಿಲ್ಲಿಸಿದ್ದೂ ಇದೆ. ವಿಟಮಿನ್ ಸಿ 1000 ಮಿ.ಗ್ರಾಂ. ಮಾತ್ರೆ ನುಂಗುತ್ತಿದ್ದರೆ ಅದನ್ನೂ ನಿಲ್ಲಿಸಿ, ದೇಹದಲ್ಲಿ ಅದರ ಒಂದು ಭಾಗ ಆಕ್ಸಲೇಟ್ ಆಗಿಯೇ ಹೊರಬೀಳುತ್ತದೆ.