‘ಗಾಂಧಾರಿ, ಹುಬ್ಬಳ್ಳಿ’ ತಟ್ಟೆ: ಇದು ಗಂಗೂಬಾಯಿಯವರ ದನಿಯೇ?

ಹಳೇಮುಳ್ಳು:
ಒಂದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಯ ಲೇಬಲ್ ಮೇಲೆ ಗಾಯಕಿಯ ಹೆಸರು ‘ಗಾಂಧಾರಿ, ಹುಬ್ಬಳ್ಳಿ’ ಅಂತಷ್ಟೇ ಇದೆ. ಇವರೇ ಗಂಗೂಬಾಯಿ ಹಾನಗಲ್ ಅನ್ನುತ್ತಾರೆ. ಕೇಳಿದರೆ ತೆಳ್ಳಗಿನ, ಎತ್ತರದ ದನಿ. ಆ ಗಡಸುತನದ ಸುಳಿವೇ ಇಲ್ಲ. ಪ್ಲೇಯರ್ ಜೋರಾಗಿ ತಿರುಗುತ್ತಿದೆಯೇ? ಹಾಗೇ, ‘ಮಿಸ್ ಗೋಹರ್’ ಅಂತಿರುವ ತಟ್ಟೆ ಗೌಹರ್ ಜಾನ್ ಅವರದ್ದು ಅಂದುಕೊಳ್ಳಬಹುದೇ?

ಶ್ರುತಿಪೆಟ್ಟಿಗೆ:
ಗಾಂಧಾರಿ ಅಂದರೆ ಗಂಗೂಬಾಯಿಯವರೇ. ಮೊದಮೊದಲ ತಟ್ಟೆಗಳು ಆ ಹೆಸರಲ್ಲೇ ಬಂದವು. ಆಗ ಅವರ ದನಿ ನಿಜಕ್ಕೂ ತೆಳುವಾಗಿಯೇ ಇತ್ತು. ಗಂಟಲಿನ ಚಿಕಿತ್ಸೆ ಆದಮೇಲೆ ಅದು ದಪ್ಪಗಾಯಿತು. ನಾವು ಆಕಾಶವಾಣಿಯಲ್ಲಿ ಕೇಳಿ ಬೆಳೆದದ್ದು ಆ ಎರಡನೇ ದನಿಯನ್ನು. ಹಾಗಾಗಿ ‘ದನಿ ಹೊಂದುತ್ತಿಲ್ಲ’ ಅನ್ನುವುದೊಂದೇ ಕಾರಣಕ್ಕೆ ತಟ್ಟೆಯನ್ನು ಬೇರೆಯವರ ಖಾತೆಗೆ ಹಾಕಬೇಡಿ.

ಆದರೂ ವೇಗ ನೋಡಿಬಿಡಿ. ಸುಮಾರು 6% ವ್ಯತ್ಯಾಸವಾದರೆ ಶ್ರುತಿ ಅರ್ಧ ಮನೆ ಸರಿಯುತ್ತದೆ. ಅಂದರೆ 73.6ಕ್ಕೆ ತಿರುಗಬೇಕಾದ್ದು 78ಕ್ಕೆ ತಿರುಗಿದರೆ ಹಾರ್ಮೋನಿಯಂನ ಕಪ್ಪು ಒಂದು ಬಿಳಿ ಎರಡಾಗುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿಗೆ 77 ಪಟ್ಟಿಗಳ ಸ್ಟ್ರೋಬ್ ಚಕ್ರ (ತಿರುಗುವ ತಟ್ಟೆಯ ಮೇಲಿಟ್ಟು ವೇಗ ನೋಡುವ ಬಿಲ್ಲೆ) ಬೇಕು. ಪಟ್ಟಿಗಳು ನಿಂತಂತೆ ಕಂಡರೆ ವೇಗ 77.92. ಎಲ್‌ಇಡಿ ಬಲ್ಬಿನ ಕೆಳಗೆ ನೋಡಿದರೆ ಬಹಳ ಸಲ ಏನೂ ಕಾಣುವುದಿಲ್ಲ, ಅದು ಕರೆಂಟಿನ ಲಯಕ್ಕೆ ಮಿನುಗುವುದಿಲ್ಲ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಹಾಕಿ.

1925ಕ್ಕಿಂತ ಹಿಂದಿನ, ಮೈಕ್ ಇಲ್ಲದೆ ಕೊಳವೆಯೊಳಗೆ ಹಾಡಿದ ತಟ್ಟೆಗಳಾದರೆ 78 ಅನ್ನುವ ಅಂಕಿಯನ್ನೇ ನಂಬಬೇಡಿ. 70ರಿಂದ 80ರ ಆಚೆಗೂ ಓಡಾಡುತ್ತಿತ್ತು. ಗಾಂಧಾರಿಯ ತಟ್ಟೆಗಳು ಮೈಕ್ ಬಂದ ನಂತರದವು, ಅಷ್ಟು ತಲೆಬಿಸಿ ಇಲ್ಲ.

ಅರಗುತಟ್ಟೆ:
ವೇಗಕ್ಕಿಂತ ಮೊದಲು ಮುಳ್ಳು ನೋಡಿ. ಎಲ್‌ಪಿ (ಆಮೇಲೆ ಬಂದ ಲಾಂಗ್‌ಪ್ಲೇ ತಟ್ಟೆ) ಮುಳ್ಳು ಒಂದು ಮಿಲ್, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಅಥವಾ ಅದಕ್ಕೂ ಸಣ್ಣದು. 78ರ ಗೀರಿಗೆ 3 ಮಿಲ್ ಬೇಕು. ಸಣ್ಣದು ಗೀರಿನ ತಳದಲ್ಲಿ ಕೊಳೆಯ ಮೇಲೆ ಹೊರಳಾಡಿ ಬರೀ ಸರಸರ ಸದ್ದು ಕೊಡುತ್ತದೆ. ಕೀಲಿ ಕೊಡುವ ಪೆಟ್ಟಿಗೆಯಾದರೆ ಒಂದು ಬದಿಗೆ ಒಂದು ಉಕ್ಕಿನ ಮುಳ್ಳು, ಆಮೇಲೆ ಎಸೆಯಿರಿ.

ಸ್ಪಿರಿಟ್ ಹಚ್ಚಿ ಒರೆಸಬೇಡಿ! ತಟ್ಟೆಯ ಅರಗು ಅದರಲ್ಲಿ ಕರಗುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಮೆದು ಸೋಪು, ಲೇಬಲ್ ಒದ್ದೆಯಾಗದಂತೆ ಸುತ್ತಲೂ ಒರೆಸಿ, ಕೂಡಲೇ ಒಣಗಿಸಿ.

ಹಳೇಮುಳ್ಳು:
ಮುಳ್ಳು ಎಲ್‌ಪಿಯದೇ ಇತ್ತು, ಬದಲಿಸುತ್ತೇನೆ. ಗೋಹರ್ ವಿಷಯ?

ಲೇಬಲ್‌ಲಿಪಿ:
ಇಲ್ಲೇ ಜನ ಎಡವುವುದು. ಈ ಹೆಸರಿನವರು ಕನಿಷ್ಠ ಮೂವರಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡ್ ಕೊಟ್ಟು, ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್. ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಕಂಪನಿ ಸೇರಿದ, ಬೀಳಗಿಯ ಗೋಹರಬಾಯಿ ಕರ್ನಾಟಕಿ, ಅಂದರೆ ಗಾಯಕಿ ಅಮೀರಬಾಯಿಯವರ ಸಹೋದರಿ. ಮತ್ತೆ ಮುಂಬಯಿಯ ರಂಜಿತ್ ಸ್ಟುಡಿಯೋದ ನಟಿ ಗೋಹರ್.

ಗೌಹರ್ ಜಾನ್ ಆದರೆ ಹಾಡಿನ ಕೊನೆಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅನ್ನುವುದು ಕೇಳಿಸಬಹುದು. ಜಂಬಕ್ಕಲ್ಲ. ತಟ್ಟೆ ಅಚ್ಚುಹಾಕಲು ಮೇಣದ ಮೂಲಪ್ರತಿ ಜರ್ಮನಿಯ ಹ್ಯಾನೋವರ್‌ಗೆ ಹಡಗಿನಲ್ಲಿ ಹೋಗುತ್ತಿತ್ತು. ಅಲ್ಲಿಯವರು ಯಾವ ಲೇಬಲ್ ಅಂಟಿಸಬೇಕೆಂದು ಅದನ್ನು ಕೇಳಿ ತಿಳಿಯಬೇಕಿತ್ತು. ಕಲ್ಕತ್ತೆಯಲ್ಲೇ 1908ರಲ್ಲಿ ಕಾರ್ಖಾನೆ ಬಂದಮೇಲೆ ಈ ರೂಢಿ ಕಳಚಿಕೊಂಡಿತು. ಆದ್ದರಿಂದ ಹೆಸರು ಕೇಳಿಸದಿದ್ದರೆ ಅವರದ್ದಲ್ಲ ಅಂತಲೂ ತೀರ್ಮಾನಿಸಬೇಡಿ.

ಲೇಬಲ್ಲಿನ ನಂಬರ್ ಇಡೀ ತಟ್ಟೆಯದು. ಒಳಗೀರಿನ ಪಕ್ಕ ಕೆತ್ತಿದ ಮ್ಯಾಟ್ರಿಕ್ಸ್ ನಂಬರ್ ಆ ಬದಿಯ ಧ್ವನಿಮುದ್ರಣದ್ದು. ಟಾರ್ಚನ್ನು ಓರೆಯಾಗಿ ಹಿಡಿದು ಓದಿ, ಎರಡು ಬದಿಯದ್ದನ್ನೂ ಇಲ್ಲಿ ಹಾಕಿ.

ಸಿನಿಮಾ ತಟ್ಟೆಯಾದರೆ ಇನ್ನೂ ಕಷ್ಟ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ತಟ್ಟೆಯಲ್ಲಿ ಗಾಯಕಿಯ ಹೆಸರು ‘ಕಾಮಿನಿ’. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು, ಹಾಡಿದ್ದು ಲತಾ.